ವೀಸದ ಲೆಕ್ಕ ಮತ್ತು ಮಗಳ ಪಾಲು

ಅರ್ಧಕ್ಕೆ ಮೂರರಲ್ಲೊಂದು ಪಾಲನ್ನು ಕೂಡಿದರೆ ಎಷ್ಟು? ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಶಾಲೆಗಳಲ್ಲಿ ಗಣಿತ ಬೋಧಿಸಿದ ನನಗೆ ಎಲ್ಲೆಡೆಯೂ ಮೊದಲು ಸಿಗುತ್ತಿದ್ದ ಉತ್ತರ ಒಂದೇ: ಐದರಲ್ಲಿ ಎರಡು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿದರೆ 2/5 ತಾನೆ! ಹೊಗೆಸೊಪ್ಪಿನ ಸೀಮೆಯ ಮಕ್ಕಳಾಗಲಿ, ಕಾವೇರಿ ನಾಲೆಯ ಭತ್ತದ ಸೀಮೆಯ ಮಕ್ಕಳಾಗಲಿ, ಕಾಡಂಚಿನ ಕೋಟೆ ತಾಲ್ಲೂಕಿನ ಮಕ್ಕಳಾಗಲಿ, ಈ ವಿಷಯದಲ್ಲಿ ಯಾವ ಭೇದವೂ ಇರಲಿಲ್ಲ. ಆಗ ನಾನು ಬೈಯುತ್ತಿರಲಿಲ್ಲ. "ಅರ್ಧ ರೊಟ್ಟಿ ತಿಂದ ಮೇಲೆ ಇನ್ನೊಂದಿಷ್ಟು ತಿಂದಿದ್ದೀಯ. ಒಟ್ಟು ತಿಂದದ್ದು ಅರ್ಧಕ್ಕಿಂತ ಕಡಿಮೆ ಆಗುವುದು ಹೇಗಪ್ಪ?" ಎಂದು ಕೇಳಿದರೆ ಸಾಕು, ಮಗುವಿನ ಮುಖದಲ್ಲಿ ಒಂದು ಗೊಂದಲ ಮೂಡುತ್ತಿತ್ತು. ಆ ಗೊಂದಲವೇ ಕಲಿಕೆಯ ಬಾಗಿಲು.

ಛೇದ ಬೇರೆಯಾದ ಭಿನ್ನರಾಶಿಗಳನ್ನು ಕೂಡುವುದು, ಕಳೆಯುವುದು ಆರನೆಯ ತರಗತಿಯ ಪಾಠ. ಪರೀಕ್ಷೆ ಮುಗಿದ ಮೇಲೆ ಅದನ್ನು ನೆನಪಿಟ್ಟುಕೊಳ್ಳುವವರು ವಿರಳ. ಆದರೆ ಈ ಪುಟ್ಟ ಪಾಠದ ಹಿಂದೆ ನಮ್ಮ ನಾಡಿನದೇ ಆದ ಸಾವಿರ ವರ್ಷಕ್ಕೂ ಮಿಕ್ಕಿದ ಚರಿತ್ರೆಯೊಂದಿದೆ. ಆ ಚರಿತ್ರೆಯ ಒಂದು ಎಳೆ ಗಣಿತದ ಗ್ರಂಥಗಳಲ್ಲಿದ್ದರೆ, ಇನ್ನೊಂದು ಎಳೆ ನಮ್ಮ ನಿಮ್ಮೆಲ್ಲರ ಮನೆಯ ಪಾಲುಪಟ್ಟಿಗಳಲ್ಲಿದೆ. ಎರಡನ್ನೂ ಒಟ್ಟಿಗೆ ಹಿಡಿದು ನೋಡುವುದೇ ಈ ಲೇಖನದ ಉದ್ದೇಶ.

ಮೂರು ಎಂಬ ಸಂಖ್ಯೆಯ ತೊಡಕು

ನಮ್ಮ ಹಿರಿಯರಿಗೆ ಛೇದ ಬೇರೆಯಾಗುವ ಕಷ್ಟವೇ ಬಹುಮಟ್ಟಿಗೆ ಇರಲಿಲ್ಲ. ಅವರ ದಿನಬಳಕೆಯ ಭಿನ್ನರಾಶಿಗಳನ್ನು ನೋಡಿ: ಅರೆ, ಕಾಲು, ಮುಕ್ಕಾಲು, ಅರೆಕಾಲು, ವೀಸ. ಒಂದನ್ನು ಎರಡಾಗಿ ಸೀಳಿದರೆ ಅರೆ, ಅದನ್ನು ಸೀಳಿದರೆ ಕಾಲು, ಅದನ್ನು ಸೀಳಿದರೆ ಅರೆಕಾಲು, ಅದನ್ನೂ ಸೀಳಿದರೆ ವೀಸ, ಅಂದರೆ 1/16. ಶಾಸನಗಳ ಕಾಲದಲ್ಲಿ ಹಣವೊಂದಕ್ಕೆ ನಾಲ್ಕು ಹಾಗ, ಹಾಗವೊಂದಕ್ಕೆ ನಾಲ್ಕು ವೀಸ. ಸೇರಿಗೆ ಎರಡು ಅಚ್ಚೇರು, ನಾಲ್ಕು ಪಾವು, ಹದಿನಾರು ಚಟಾಕು. ರೂಪಾಯಿಗೆ ಹದಿನಾರು ಆಣೆ. ನೆಲದ ಲೆಕ್ಕದಲ್ಲಿ ಎಕರೆಗೆ ನಲವತ್ತು ಗುಂಟೆ, ಗುಂಟೆಗೆ ಹದಿನಾರು ಆಣೆ. ಎಲ್ಲಿ ನೋಡಿದರೂ ಹದಿನಾರು. ಅರೆ, ಕಾಲು, ವೀಸ ಮೂರನ್ನೂ ಕೂಡಬೇಕೆಂದರೆ ಎಂಟು ವೀಸ, ನಾಲ್ಕು ವೀಸ, ಒಂದು ವೀಸ, ಒಟ್ಟು ಹದಿಮೂರು ವೀಸ. ಲಘುತಮ ಸಾಮಾನ್ಯ ಅಪವರ್ತ್ಯವೆಂಬ ಹೆಸರು ಕೇಳದ ಅಂಗಡಿಯವನೂ ಇದನ್ನು ಬೆರಳ ಗೆಣ್ಣಿನ ಮೇಲೆ ಮಾಡುತ್ತಿದ್ದ. ಕೂಲಿಮಠಗಳಲ್ಲಿ ಕಾಲಿನ ಮಗ್ಗಿ, ಅರೆಯ ಮಗ್ಗಿ, ಮುಕ್ಕಾಲಿನ ಮಗ್ಗಿಗಳನ್ನು ಬಾಯಿಪಾಠ ಮಾಡಿಸುತ್ತಿದ್ದುದರ ಮರ್ಮವೂ ಇದೇ. ಎಲ್ಲ ಭಿನ್ನಗಳೂ ಒಂದೇ ಕುಲದವು, ಒಂದು ಇನ್ನೊಂದರೊಳಗೆ ಸರಾಗವಾಗಿ ಕೂರುತ್ತದೆ.

ಒಂದು ಸಂಗತಿಯನ್ನು ನೀವು ಗಮನಿಸಿರಬಹುದು. ಅರ್ಧಕ್ಕೆ ಅರೆ, ನಾಲ್ಕರಲ್ಲೊಂದಕ್ಕೆ ಕಾಲು, ಹದಿನಾರರಲ್ಲೊಂದಕ್ಕೆ ವೀಸ ಎಂಬ ಒಂಟಿ ಪದಗಳು ನಮ್ಮಲ್ಲಿವೆ. ಆದರೆ 1/3 ಎಂಬುದಕ್ಕೆ ಅಂಥದೊಂದು ಪದ ಬಳಕೆಯಲ್ಲಿಲ್ಲ. "ಮೂರರಲ್ಲೊಂದು ಪಾಲು" ಎಂದು ಬಿಡಿಸಿಯೇ ಹೇಳಬೇಕು. ತಕ್ಕಡಿಗೂ ಕೊಳಗಕ್ಕೂ ಮೂರು ಬೇಡದ ಅತಿಥಿ. ಅಂಗಡಿಯಲ್ಲಿ ಮೂರರ ಕಾಟ ಬರುವುದಿಲ್ಲ. ಅದು ಬರುವುದು ಮನೆಯಲ್ಲಿ, ಮೂವರು ಮಕ್ಕಳಿರುವ ಮನೆಯಲ್ಲಿ.

ಒಂದು ಎಕರೆಯನ್ನು ಮೂವರಿಗೆ ಹಂಚಿ ನೋಡಿ. ಒಬ್ಬೊಬ್ಬರಿಗೆ 13 ಗುಂಟೆ 5 ಆಣೆ, ಮೇಲೆ ಆಣೆಯ ಮೂರರಲ್ಲೊಂದು ಪಾಲು. ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ, 1089 ಚದರ ಅಡಿ. ಅದರಲ್ಲಿ ಆಣೆಯ ಮೂರರಲ್ಲೊಂದು ಪಾಲೆಂದರೆ ಸುಮಾರು ಇಪ್ಪತ್ಮೂರು ಚದರ ಅಡಿ, ಒಂದು ಚಾಪೆ ಹಾಸುವಷ್ಟು ಜಾಗ. ಎಕರೆಯಲ್ಲಿರುವ 640 ಆಣೆಯನ್ನು ಮೂರರಿಂದ ಭಾಗಿಸಿದರೆ ಒಂದು ಉಳಿದೇ ಉಳಿಯುತ್ತದೆ. ಆ ಉಳಿದ ಒಂದಕ್ಕಾಗಿ ಬದುವಿನ ಕಲ್ಲು ಅತ್ತಿತ್ತ ಸರಿದದ್ದನ್ನೂ, ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನೂ ನಮ್ಮ ಊರುಗಳಲ್ಲಿ ಕಾಣದವರು ಯಾರು?

ರೂಪಾಯಿಯ ಲೆಕ್ಕದಲ್ಲಿ ಮಾತ್ರ ಹಿಂದಿನವರು ಈ ಮೂರಕ್ಕೆ ಜಾಗ ಮಾಡಿಟ್ಟಿದ್ದರು. ಆಣೆಗೆ ಹನ್ನೆರಡು ಪೈ, ಆದ್ದರಿಂದ ರೂಪಾಯಿಗೆ 192 ಪೈ. ಈ 192 ಎರಡು, ಮೂರು, ನಾಲ್ಕು, ಆರು, ಎಂಟು, ಹನ್ನೆರಡು, ಹದಿನಾರು ಎಲ್ಲದರಿಂದಲೂ ನಿಶ್ಶೇಷವಾಗಿ ಭಾಗವಾಗುತ್ತದೆ. ರೂಪಾಯಿಯ ಮೂರರಲ್ಲೊಂದು ಪಾಲು ಸರಿಯಾಗಿ ಐದಾಣೆ ನಾಲ್ಕು ಪೈ. ಚೂರೂ ಹೆಚ್ಚಿಲ್ಲ, ಚೂರೂ ಕಡಿಮೆಯಿಲ್ಲ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಪದ್ಧತಿ ಬಂದು ರೂಪಾಯಿಗೆ ನೂರು ನಯಾಪೈಸೆಯಾಯಿತು. ಕೂಡುವುದು ಕಳೆಯುವುದು ಸುಲಭವಾಯಿತು, ನಿಜ. ಆದರೆ ನೂರನ್ನು ಮೂರರಿಂದ ಭಾಗಿಸಲಾಗದು. ಆಣೆಗೂ ಆರೂಕಾಲು ಪೈಸೆಯೆಂಬ ಅಡ್ಡಲೆಕ್ಕ ಬಂತು. ಒಂದಾಣೆಗೆ ಆರು, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು, ನಾಲ್ಕಾಣೆಗೆ ಇಪ್ಪತ್ತೈದು ಎಂದು ಪಟ್ಟಿ ನೋಡಿ ಕೊಡಬೇಕಾಯಿತು. ನಾನು ಹುಟ್ಟುವ ಹೊತ್ತಿಗೆ ಆಣೆ ಹೋಗಿದ್ದರೂ ಬಾಯಲ್ಲಿ ಉಳಿದಿತ್ತು. ನಾಲ್ಕಾಣೆಯೆಂದು ನಾವು ಕರೆಯುತ್ತಿದ್ದ 25 ಪೈಸೆಯ ನಾಣ್ಯದ ಚಲಾವಣೆ ನಿಂತದ್ದು 2011ರ ಜೂನ್ 30ರಂದು.

ಮಳಖೇಡದ ಕಾಲದ 'ನಿರುದ್ಧ'

ಹೀಗೆ ಬೇರೆ ಬೇರೆ ಕುಲದ ಪಾಲುಗಳನ್ನು ಒಂದೇ ಕುಲಕ್ಕೆ ತರುವ ವಿದ್ಯೆಗೆ ನಮ್ಮ ಹಳೆಯ ಗಣಿತಜ್ಞರು ಇಟ್ಟ ಹೆಸರು 'ಕಲಾಸವರ್ಣ'. ಕಲೆಯೆಂದರೆ ಅಂಶ, ಚಂದ್ರನಿಗೆ ಹದಿನಾರು ಕಲೆಗಳೆಂಬ ಮಾತಿನಂತೆ ಹದಿನಾರರಲ್ಲಿ ಒಂದು ಭಾಗವೆಂಬ ಅರ್ಥವೂ ಅದಕ್ಕುಂಟು. ಸವರ್ಣವೆಂದರೆ ಒಂದೇ ಬಣ್ಣಕ್ಕೆ ತರುವುದು. ಎಷ್ಟು ಸೊಗಸಾದ ಹೆಸರು! ಅರ್ಧದ ಬಣ್ಣ ಬೇರೆ, ಮೂರರಲ್ಲೊಂದರ ಬಣ್ಣ ಬೇರೆ. ಎರಡಕ್ಕೂ ಆರರ ಬಣ್ಣ ಹಚ್ಚಿದ ಮೇಲೆ 3/6 ಮತ್ತು 2/6 ಆಗಿ ಕೂಡಿಕೊಳ್ಳುತ್ತವೆ, 5/6 ಎನ್ನಿಸಿಕೊಳ್ಳುತ್ತವೆ.

ಕ್ರಿ.ಶ. 499ರ ಆರ್ಯಭಟ ಈ ಸವರ್ಣ ಮಾಡುವ ಕ್ರಮವನ್ನು ಹೇಳಿದ್ದಾನೆ. 628ರ ಬ್ರಹ್ಮಗುಪ್ತನೂ ಹೇಳಿದ್ದಾನೆ. ಅವರದು ಪರಸ್ಪರ ಛೇದಗಳಿಂದ ಗುಣಿಸುವ ಹಾದಿ. ಛೇದಗಳು 9 ಮತ್ತು 12 ಇದ್ದರೆ ಎರಡನ್ನೂ ಗುಣಿಸಿ 108 ಎಂದು ಹಿಡಿಯಬೇಕು. ಉತ್ತರವೇನೋ ಸರಿಯೇ ಬರುತ್ತದೆ, ಆದರೆ ಸಂಖ್ಯೆಗಳು ಊದಿಕೊಳ್ಳುತ್ತವೆ. ನಾಲ್ಕೈದು ಭಿನ್ನರಾಶಿಗಳಿದ್ದರಂತೂ ಲೆಕ್ಕ ಮುಗಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಈ ಊತವನ್ನು ಇಳಿಸಿದವನು ಕನ್ನಡನಾಡಿನ ಗಣಿತಜ್ಞ ಮಹಾವೀರಾಚಾರ್ಯ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಸುಮಾರು 850ರ ಹೊತ್ತಿಗೆ, ಈ ಜೈನ ವಿದ್ವಾಂಸ 'ಗಣಿತಸಾರಸಂಗ್ರಹ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಸಂಗೀತ, ನಾಟಕ, ಪಾಕಶಾಸ್ತ್ರ, ವೈದ್ಯ, ವಾಸ್ತು ಎಲ್ಲಕ್ಕೂ ಗಣಿತ ಬೇಕೆಂದು ಗ್ರಂಥದ ಆರಂಭದಲ್ಲೇ ಸಾರಿದವನು ಅವನು. ಅಡುಗೆಮನೆಯನ್ನೂ ಬಿಡಲಿಲ್ಲ ನೋಡಿ! ಆ ಗ್ರಂಥದಲ್ಲಿ ಕಲಾಸವರ್ಣಕ್ಕೇ ಒಂದು ಅಧ್ಯಾಯ ಮೀಸಲು. ಭಿನ್ನರಾಶಿಗಳನ್ನು ಭಾಗ, ಪ್ರಭಾಗ, ಭಾಗಭಾಗ, ಭಾಗಾನುಬಂಧ, ಭಾಗಾಪವಾಹ, ಭಾಗಮಾತೃ ಎಂದು ಆರು ಜಾತಿಗಳಾಗಿ ವಿಂಗಡಿಸಿ ಒಂದೊಂದಕ್ಕೂ ಕ್ರಮ ಹೇಳಿದ್ದಾನೆ.

ಅಲ್ಲಿ ಅವನು ಬಳಸುವ ಒಂದು ಪದ 'ನಿರುದ್ಧ'. ಛೇದಗಳಲ್ಲಿ ಸಮಾನವಾಗಿರುವ ಅಪವರ್ತನಗಳನ್ನು ಹೊರತೆಗೆದು, ಉಳಿದ ಭಾಗಲಬ್ಧಗಳನ್ನು ಅವುಗಳೊಡನೆ ಗುಣಿಸಿದರೆ ಬರುವುದೇ ನಿರುದ್ಧ. 9 ಮತ್ತು 12ರಲ್ಲಿ ಸಮಾನವಾದದ್ದು 3. ಉಳಿಯುವವು 3 ಮತ್ತು 4. ಮೂರನ್ನೂ ಗುಣಿಸಿದರೆ 36. ನಿರುದ್ಧವನ್ನು ಒಂದೊಂದು ಛೇದದಿಂದಲೂ ಭಾಗಿಸಿ, ಬಂದ ಲಬ್ಧದಿಂದ ಆಯಾ ಅಂಶವನ್ನೂ ಛೇದವನ್ನೂ ಗುಣಿಸಿದರೆ ಎಲ್ಲವೂ ಸಮಚ್ಛೇದವಾಗುತ್ತವೆ. ಮಕ್ಕಳೇ, ಇದು ಬೇರೇನೂ ಅಲ್ಲ. ನೀವು ಮೂಗು ಮುರಿಯುತ್ತಿದ್ದ ಲ.ಸಾ.ಅ.! ಭಿನ್ನರಾಶಿಗಳ ಲೆಕ್ಕವನ್ನು ಹಗುರ ಮಾಡಲು ಅದನ್ನು ಬಳಸಬಹುದೆಂದು ಭಾರತೀಯ ಗಣಿತಜ್ಞರಲ್ಲಿ ಮೊದಲು ಹೇಳಿದವನು ಮಹಾವೀರನೇ ಎಂದು ಗಣಿತದ ಇತಿಹಾಸಕಾರರು ಗುರುತಿಸಿದ್ದಾರೆ. ಮೂರು ಶತಮಾನಗಳ ನಂತರ, 1150ರಲ್ಲಿ, ಭಾಸ್ಕರಾಚಾರ್ಯ ತನ್ನ 'ಲೀಲಾವತಿ'ಯಲ್ಲಿ 1/14 ಮತ್ತು 1/63ರ ವ್ಯತ್ಯಾಸವನ್ನು ಕೇಳುತ್ತಾನೆ. ಸುಮ್ಮನೆ ಗುಣಿಸಿದರೆ ಛೇದ 882. ಸಮಾನವಾದ 7ನ್ನು ಹೊರತೆಗೆದರೆ 126. 9/126ರಿಂದ 2/126 ಕಳೆದರೆ 7/126, ಅಂದರೆ 1/18.

ಮಹಾವೀರನ ಇನ್ನೊಂದು ಚಮತ್ಕಾರವನ್ನು ಹೇಳದಿದ್ದರೆ ಮನಸ್ಸು ತಡೆಯದು. ಒಂದು ಪೂರ್ಣವನ್ನು, ಅಂಶ ಒಂದೇ ಇರುವ ಭಿನ್ನಗಳ ಮೊತ್ತವಾಗಿ ಒಡೆಯುವುದು ಹೇಗೆ? 1, 3, 9, 27 ಎಂದು ಮೂರುಮೂರರಷ್ಟು ಏರುತ್ತ ಬರೆಯಿರಿ. ಮೊದಲನೆಯದನ್ನು 2ರಿಂದ, ಕೊನೆಯದನ್ನು 2/3ರಿಂದ ಗುಣಿಸಿ. ಈಗ 2, 3, 9, 18. ಇವನ್ನೇ ಛೇದಗಳಾಗಿ ಮಾಡಿ 1/2, 1/3, 1/9, 1/18 ಕೂಡಿ ನೋಡಿ. ನಿರುದ್ಧ 18, ಅಂಶಗಳು 9, 6, 2, 1, ಮೊತ್ತ 18. ಸರಿಯಾಗಿ ಒಂದು! ಮೂರೂವರೆ ಸಾವಿರ ವರ್ಷಗಳ ಹಿಂದೆ ಈಜಿಪ್ಟಿನ ಲಿಪಿಕಾರರು ರೊಟ್ಟಿಗಳನ್ನು ಹಂಚಲು ಇಂಥ ಏಕಾಂಶ ಭಿನ್ನಗಳನ್ನೇ ಬಳಸುತ್ತಿದ್ದರು. ಹಂಚಿಕೆಯ ಚಿಂತೆ ಎಲ್ಲ ನಾಡಿನದೂ ಹೌದು.

ಈ ಗ್ರಂಥ ಉಳಿದು ಬಂದ ಕಥೆಯಲ್ಲಿ ನಮ್ಮ ಮೈಸೂರಿಗೂ ಒಂದು ಪಾಲುಂಟು. ಮದರಾಸಿನ ಪ್ರಾಧ್ಯಾಪಕ ಎಂ. ರಂಗಾಚಾರ್ಯರು 1912ರಲ್ಲಿ ಇದನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದಾಗ ಬಳಸಿದ ಪ್ರತಿಗಳಲ್ಲಿ ಒಂದು ಮೈಸೂರಿನ ಓರಿಯಂಟಲ್ ಲೈಬ್ರರಿಯಿಂದ ಹೋದದ್ದು. ಅದರಲ್ಲಿ ಕನ್ನಡ ವ್ಯಾಖ್ಯಾನವೂ ಇತ್ತು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದ ಗ್ರಂಥಾಲಯವೇ ಅದು. 2000ದಲ್ಲಿ ಡಾ. ಪದ್ಮಾವತಮ್ಮನವರು ಗಣಿತಸಾರಸಂಗ್ರಹವನ್ನು ಕನ್ನಡಕ್ಕೆ ತಂದರು. ಹನ್ನೆರಡನೆಯ ಶತಮಾನದಲ್ಲೇ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿ ಬರೆದಿದ್ದನೆಂಬುದನ್ನೂ ಇಲ್ಲಿ ಸ್ಮರಿಸಬೇಕು. ಗಣಿತ ಕನ್ನಡಕ್ಕೆ ಒಗ್ಗುವುದಿಲ್ಲವೆನ್ನುವವರಿಗೆ ಇದಕ್ಕಿಂತ ಉತ್ತರ ಬೇಕೆ?

ಕಲ್ಯಾಣದಲ್ಲಿ ಬರೆದ ಪಾಲಿನ ಲೆಕ್ಕ

ಮಳಖೇಡದ ಮಹಾವೀರನಾದ ಸುಮಾರು ಎರಡೂವರೆ ಶತಮಾನಗಳ ಮೇಲೆ, ಅದೇ ಸೀಮೆಯ ಕಲ್ಯಾಣದಲ್ಲಿ, ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076-1126) ವಿಜ್ಞಾನೇಶ್ವರನೆಂಬ ಪಂಡಿತ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ. ಇಂದಿನ ಬಸವಕಲ್ಯಾಣವೇ ಆ ಕಲ್ಯಾಣ. 1810ರಲ್ಲಿ ಕೋಲ್‌ಬ್ರೂಕ್ ಅದರ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಿರುಗಿಸಿದ ಮೇಲೆ ಬ್ರಿಟಿಷರ ನ್ಯಾಯಾಲಯಗಳು ಅದನ್ನೇ ಕಾನೂನೆಂದು ಹಿಡಿದವು. ಬಂಗಾಳ, ಅಸ್ಸಾಮುಗಳನ್ನು ಬಿಟ್ಟು ಭಾರತದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆ ನಡೆದದ್ದು ಕನ್ನಡನೆಲದಲ್ಲಿ ಹುಟ್ಟಿದ ಈ ಗ್ರಂಥದ ಆಧಾರದ ಮೇಲೆ.

ಆ ಗ್ರಂಥದಲ್ಲಿ, ತಂದೆ ತೀರಿಕೊಂಡ ಮೇಲೆ ಮದುವೆಯಾಗದ ಹೆಣ್ಣುಮಕ್ಕಳಿಗೆ ಅಣ್ಣತಮ್ಮಂದಿರು 'ನಾಲ್ಕನೆಯ ಒಂದು' ಪಾಲು ಕೊಡಬೇಕೆಂಬ ಸ್ಮೃತಿವಾಕ್ಯದ ಚರ್ಚೆಯಿದೆ. ಯಾವುದರ ನಾಲ್ಕನೆಯ ಒಂದು? ವಿಜ್ಞಾನೇಶ್ವರ ಗಣಿತದ ಮೇಷ್ಟರಂತೆ ಉದಾಹರಣೆ ಕೊಟ್ಟು ಬಿಡಿಸುತ್ತಾನೆ. ಒಬ್ಬ ಮಗ, ಒಬ್ಬಳು ಮಗಳು ಇದ್ದರೆ ಆಸ್ತಿಯನ್ನು ಎರಡು ಮಾಡಿ, ಅದರಲ್ಲಿ ಒಂದನ್ನು ನಾಲ್ಕು ಮಾಡಿ, ಆ ಕಾಲನ್ನು ಮಗಳಿಗೆ ಕೊಡಬೇಕು, ಅಂದರೆ 1/8. ಮಿಕ್ಕಿದ್ದು ಮಗನಿಗೆ. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಇದ್ದರೆ ಮೂರು ಮಾಡಿ, ಒಂದನ್ನು ನಾಲ್ಕು ಮಾಡಿ, ಅದರಲ್ಲೊಂದು ಮಗಳಿಗೆ, ಅಂದರೆ 1/12. ಹೆಣ್ಣಾದ ಮಾತ್ರಕ್ಕೆ ಮಗನಾಗಿದ್ದರೆ ಸಿಗಬಹುದಾಗಿದ್ದ ಪಾಲಿನ ಮುಕ್ಕಾಲನ್ನು ಬಿಟ್ಟುಕೊಡಬೇಕೆಂಬುದು ಇದರ ತಾತ್ಪರ್ಯ. ಇಂದಿನ ಕಣ್ಣಿಗೆ ಇದು ಅನ್ಯಾಯವೇ. ಆದರೂ ಒಂದು ಮಾತನ್ನು ಅವನ ಪರವಾಗಿ ಹೇಳಬೇಕು. ಈ ನಾಲ್ಕನೆಯ ಪಾಲೆಂದರೆ ಮದುವೆಯ ಖರ್ಚಿಗೆ ಆಗುವಷ್ಟು ಹಣ ಮಾತ್ರ ಎಂದು ವಾದಿಸಿದವರು ಆಗಲೂ ಇದ್ದರು. ವಿಜ್ಞಾನೇಶ್ವರ ಅದನ್ನು ಒಪ್ಪಲಿಲ್ಲ. ಅದು ಪಾಲು, ಬರೀ ಖರ್ಚಲ್ಲ ಎಂದ. "ಮದುವೆ ಮಾಡಿ ಕೊಟ್ಟಿದ್ದೇವಲ್ಲ, ಇನ್ನೇನು ಪಾಲು?" ಎಂದು ಈಗಲೂ ಕೇಳುವ ನಮ್ಮ ಜಗಲಿಗಳ ಪಂಡಿತರು ಈ ಸಾಲುಗಳನ್ನು ಓದಿಲ್ಲವೆಂದು ತೋರುತ್ತದೆ.

ಮುಂದಿನ ದೊಡ್ಡ ಹೆಜ್ಜೆ ಇಟ್ಟದ್ದು ನಮ್ಮ ಮೈಸೂರು ಸಂಸ್ಥಾನ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನು ಬಂತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರ ಆಸ್ತಿಹಕ್ಕಿನ ಕಾನೂನು ಬಂದದ್ದು 1937ರಲ್ಲಿ; ನಮ್ಮ ಸಂಸ್ಥಾನ ನಾಲ್ಕು ವರ್ಷ ಮುಂದಿತ್ತು. ಈ ಕಾನೂನಿನ ಪ್ರಕಾರ ಅಣ್ಣತಮ್ಮಂದಿರು ಭಾಗವಾಗುವಾಗ ಮದುವೆಯಾಗದ ಅಕ್ಕತಂಗಿಗೆ ಸಹೋದರನ ಪಾಲಿನ ನಾಲ್ಕನೆಯ ಒಂದು ಸಲ್ಲಬೇಕು. ಕೇಳಲು ಮಿತಾಕ್ಷರೆಯ ಮಾತೇ ಅನ್ನಿಸುತ್ತದೆ, ಅಲ್ಲವೇ? ಆದರೆ ಲೆಕ್ಕ ಬೇರೆ. ಇಬ್ಬರು ಸಹೋದರರಿಗೆ ನಾಲ್ಕು ನಾಲ್ಕು ಪಾಲು, ಸಹೋದರಿಗೆ ಒಂದು ಪಾಲು, ಒಟ್ಟು ಒಂಬತ್ತು. ಅವಳಿಗೆ 1/9. ಮಿತಾಕ್ಷರೆ ಕೊಟ್ಟದ್ದು 1/12.

ಇವೆರಡರ ಅಂತರವೆಷ್ಟು? ಇಲ್ಲಿ ನಮ್ಮ ನಿರುದ್ಧ ಕೆಲಸಕ್ಕೆ ಬರುತ್ತದೆ. 9 ಮತ್ತು 12ಕ್ಕೆ 36. 4/36ರಿಂದ 3/36 ಕಳೆದರೆ 1/36. ಒಂಬತ್ತು ಎಕರೆಯ ಜಮೀನನ್ನು ತೆಗೆದುಕೊಳ್ಳಿ, 360 ಗುಂಟೆ. ಮಿತಾಕ್ಷರೆಯಂತೆ ಮಗಳಿಗೆ 30 ಗುಂಟೆ, 1933ರಂತೆ 40 ಗುಂಟೆ. ಹತ್ತು ಗುಂಟೆಯ ಅಂತರ, ಸರಿಯಾಗಿ ಮೂವತ್ತಾರನೆಯ ಒಂದು ಪಾಲು. 'ಕಾಲು' ಎಂಬ ಒಂದೇ ಪದ. ಯಾವುದರ ಕಾಲು ಎಂಬುದರ ಮೇಲೆ ಹತ್ತು ಗುಂಟೆ ಬದಲಾಯಿತು. ಛೇದದ ಮಹಿಮೆ ಇದು. ಅಂಶವನ್ನು ಎಲ್ಲರೂ ನೋಡುತ್ತಾರೆ, ಛೇದವನ್ನು ನೋಡುವವರು ಕಡಿಮೆ.

1956ರಿಂದ ಈಚೆಗೆ

ಸ್ವತಂತ್ರ ಭಾರತದ ಹಿಂದೂ ಉತ್ತರಾಧಿಕಾರ ಅಧಿನಿಯಮ 1956ರ ಜೂನ್ 17ರಂದು ಜಾರಿಗೆ ಬಂತು. ಮದುವೆಯಾದ ಮಗಳು, ಆಗದ ಮಗಳು ಎಂಬ ಭೇದವಿಲ್ಲದೆ ತಂದೆಯ ಪಾಲಿನಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದಿತು. ಆದರೆ 'ತಂದೆಯ ಪಾಲಿನಲ್ಲಿ' ಎಂಬಲ್ಲಿಯೇ ಗಂಟು. ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಗಂಡುಮಕ್ಕಳಿಗೆ ಮಾತ್ರ ಇತ್ತು. ತಾಯಿ ಮೊದಲೇ ತೀರಿಕೊಂಡಿದ್ದು, ತಂದೆ ತೀರಿಹೋದಾಗ ಇಬ್ಬರು ಗಂಡುಮಕ್ಕಳೂ ಒಬ್ಬಳು ಮಗಳೂ ಇದ್ದರೆಂದುಕೊಳ್ಳಿ. ತಂದೆಯ ಸಾವಿಗೆ ಮುನ್ನ ಭಾಗವಾದಂತೆ ಭಾವಿಸಿ, ತಂದೆಗೂ ಇಬ್ಬರು ಮಕ್ಕಳಿಗೂ ತಲಾ 1/3. ಆಮೇಲೆ ತಂದೆಯ ಆ 1/3ನ್ನು ಮೂವರು ಮಕ್ಕಳಿಗೂ ಸಮವಾಗಿ ಹಂಚಿದರೆ ತಲಾ 1/9. ಮಗನಿಗೆ 1/3 ಮತ್ತು 1/9 ಸೇರಿ 4/9. ಮಗಳಿಗೆ ಬರೀ 1/9. ವಿಚಿತ್ರ ನೋಡಿ, ಇದು 1933ರ ಮೈಸೂರು ಲೆಕ್ಕವೇ!

ಸಹೋದರರ ಸಂಖ್ಯೆಯನ್ನು ಬದಲಿಸಿ ನೋಡೋಣ. ಸಹೋದರಿ ಒಬ್ಬಳೇ ಇರಲಿ, ತಾಯಿ ಇಲ್ಲವೆಂದೇ ಇಟ್ಟುಕೊಳ್ಳೋಣ.

ಒಬ್ಬ ಸಹೋದರನಿದ್ದರೆ: ಮಿತಾಕ್ಷರೆಯಂತೆ 1/8, 1933ರಂತೆ 1/5, 1956ರಂತೆ 1/4.
ಇಬ್ಬರಿದ್ದರೆ: 1/12, 1/9, 1/9.
ಮೂವರಿದ್ದರೆ: 1/16, 1/13, 1/16.
ನಾಲ್ವರಿದ್ದರೆ: 1/20, 1/17, 1/25.

ಮೂರನೆಯ ಸಾಲನ್ನು ಇನ್ನೊಮ್ಮೆ ಓದಿ. ಮೂವರು ಅಣ್ಣತಮ್ಮಂದಿರ ಮನೆಯಲ್ಲಿ ಕಲ್ಯಾಣದ ಪಂಡಿತ ಸುಮಾರು ಒಂಬೈನೂರು ವರ್ಷಗಳ ಹಿಂದೆ ಕೊಟ್ಟದ್ದೂ ಒಂದು ವೀಸ, ಗಣರಾಜ್ಯದ ಸಂಸತ್ತು ಕೊಟ್ಟದ್ದೂ ಒಂದು ವೀಸ. ನಾಲ್ವರಿದ್ದರಂತೂ ಹಳೆಯ ಶಾಸ್ತ್ರಕ್ಕಿಂತ ಹೊಸ ಕಾನೂನಿನ ಪಾಲೇ ಸಣ್ಣದು. ಹೊಸ ಕಾನೂನು ಮದುವೆಯಾದ ಮಗಳನ್ನೂ ಸೇರಿಸಿಕೊಂಡಿತು, ಬಂದ ಆಸ್ತಿಗೆ ಹೆಣ್ಣನ್ನು ಪೂರ್ಣ ಒಡತಿಯಾಗಿಸಿತು. ಆ ದೊಡ್ಡ ಗುಣವನ್ನು ನಾನು ಮರೆಮಾಚುತ್ತಿಲ್ಲ. ಆದರೆ ಆ ಕಾಲದಲ್ಲಿ ನಾಲ್ಕೈದು ಗಂಡುಮಕ್ಕಳಿರುವುದು ನಮ್ಮ ಸೀಮೆಯ ಮನೆಗಳಲ್ಲಿ ಅಪರೂಪವೇನಲ್ಲ. "ಮಗಳಿಗೂ ಸಮಪಾಲು" ಎಂಬ ಮಾತನ್ನು ಕೇಳಿ ಸಂತೋಷಪಟ್ಟವರಲ್ಲಿ ಎಷ್ಟು ಮಂದಿ ಛೇದವನ್ನು ಕೂಡಿಸಿ ನೋಡಿದ್ದರು?

ಈ ಅನ್ಯಾಯವನ್ನು ನೇರ ಮಾಡುವ ಕೆಲಸವನ್ನು ಕರ್ನಾಟಕ ತನ್ನದೇ ತಿದ್ದುಪಡಿಯಿಂದ 1994ರ ಜುಲೈ 30ರಂದು ಆರಂಭಿಸಿತು. ಹುಟ್ಟಿನಿಂದಲೇ ಹಕ್ಕು ಮಗಳಿಗೂ ಬಂತು. ಆದರೆ ಅದಕ್ಕೆ ಮುನ್ನ ಮದುವೆಯಾದವರು ಹೊರಗುಳಿದರು. 2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಆ ಭೇದವನ್ನೂ ಅಳಿಸಿತು. ಆ ದಿನ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್ 11ರ ವಿನೀತಾ ಶರ್ಮಾ ಪ್ರಕರಣದ ತೀರ್ಪಿನಲ್ಲಿ ಸ್ಪಷ್ಟಪಡಿಸಿತು. ಈಗ ಅದೇ ಮನೆಯ ಲೆಕ್ಕ ಮಾಡಿ. ತಂದೆ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು, ನಾಲ್ವರಿಗೂ ತಲಾ 1/4. ತಂದೆಯ 1/4 ಮೂವರು ಮಕ್ಕಳಿಗೆ ಹಂಚಿದರೆ ತಲಾ 1/12. ನಿರುದ್ಧ 12, 3/12ಕ್ಕೆ 1/12 ಕೂಡಿದರೆ 4/12, ಅಂದರೆ 1/3. ಮಗನಿಗೂ ಅಷ್ಟೇ, ಮಗಳಿಗೂ ಅಷ್ಟೇ. ಒಂಬತ್ತು ಎಕರೆಯಲ್ಲಿ ಮೂವತ್ತು ಗುಂಟೆಯಿಂದ ಹೊರಟ ಮಗಳು ನಲವತ್ತು ಗುಂಟೆಯಲ್ಲಿ ದಶಕಗಳ ಕಾಲ ನಿಂತು, ಕೊನೆಗೆ ಮೂರು ಎಕರೆಗೆ ಬಂದು ತಲುಪಿದಳು.

ನಾನು ಗಣಿತದ ಶಿಕ್ಷಕಿಯೇ ಹೊರತು ವಕೀಲಳಲ್ಲ. ಹಿಂದೆಯೇ ನೋಂದಣಿಯಾಗಿ ಮುಗಿದ ಭಾಗಗಳು, ಉಯಿಲುಗಳು, ಸ್ವಯಾರ್ಜಿತ ಆಸ್ತಿ, ತಾಯಿ ಬದುಕಿರುವ ಮನೆ, ಇವುಗಳ ಲೆಕ್ಕ ಬೇರೆಬೇರೆಯಾಗುತ್ತದೆ. ಅದನ್ನು ಬಲ್ಲವರನ್ನೇ ಕೇಳಬೇಕು. ಆದರೆ ಕಾಗದದಲ್ಲಿ ಬರೆದ ಪಾಲುಗಳು ಕೂಡಿದರೆ ಒಂದಾಗುತ್ತವೆಯೋ ಇಲ್ಲವೋ ಎಂಬುದನ್ನು ನೋಡಲು ವಕೀಲರು ಬೇಕಿಲ್ಲ, ಆರನೆಯ ತರಗತಿ ಸಾಕು.

ಇದನ್ನು ನನಗೆ ಮನದಟ್ಟು ಮಾಡಿದವಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು. ಊರು, ಹೆಸರು ಬೇಡ. ನಾನು ನಿವೃತ್ತಳಾದ ಮೇಲೆ ಒಮ್ಮೆ ಪಾಲುಪಟ್ಟಿಯ ಕರಡನ್ನು ಹಿಡಿದು ಮನೆಗೆ ಬಂದಳು. ಮನೆ ನೋಡಿಕೊಂಡ ದೊಡ್ಡಣ್ಣನಿಗೆ ಅರ್ಧ, ಚಿಕ್ಕಣ್ಣನಿಗೆ ಮೂರರಲ್ಲೊಂದು, "ಅರಿಶಿನ ಕುಂಕುಮಕ್ಕೆಂದು" ತಂಗಿಗೆ ಹನ್ನೆರಡರಲ್ಲೊಂದು ಎಂದು ಹಿರಿಯರು ತೀರ್ಮಾನಿಸಿದ್ದರು. "ಮೇಡಂ, ಲ.ಸಾ.ಅ. ಹನ್ನೆರಡು ಹಿಡಿದು ಕೂಡಿದೆ. ಆರು, ನಾಲ್ಕು, ಒಂದು. ಹನ್ನೊಂದೇ ಬರ್ತದೆ. ಇನ್ನೊಂದು ಎಲ್ಲಿ ಹೋಯ್ತು?" ಎಂದಳು. ಉಳಿದ ಆ ಹನ್ನೆರಡನೆಯ ಪಾಲೇ ಬೋರ್‌ವೆಲ್ ಇದ್ದ ತುಂಡು. ಅದು ಯಾರ ಹೆಸರಿಗೂ ಇಲ್ಲದೆ, ದೊಡ್ಡಣ್ಣನ ಸ್ವಾಧೀನದಲ್ಲಿ ಸುಮ್ಮನೆ ಉಳಿಯುತ್ತಿತ್ತು.

ಕಾನೂನಿನಂತೆ ಅವಳದು ಮೂರರಲ್ಲೊಂದೆಂದು ಅವಳಿಗೆ ಗೊತ್ತಿತ್ತು. "ತವರಿನ ಬಾಗಿಲು ಮುಚ್ಚೋದು ಬೇಡ ಮೇಡಂ" ಎಂದು ಹೇಳಿ, ತನ್ನ ಹನ್ನೆರಡರಲ್ಲೊಂದಕ್ಕೆ ಆ ಉಳಿದ ಹನ್ನೆರಡರಲ್ಲೊಂದನ್ನು ಸೇರಿಸಿ, ಆರರಲ್ಲೊಂದು ಪಾಲನ್ನು ಬರೆಸಿಕೊಂಡಳು. ತನಗೆ ಸಲ್ಲಬೇಕಾದುದರಲ್ಲಿ ಅರ್ಧ. ಅವಳು ಮಾಡಿದ್ದು ಸರಿಯೇ, ತಪ್ಪೇ ಎಂದು ತೀರ್ಪು ಕೊಡಲು ನಾನು ಯಾರು? ಆದರೆ ಲೆಕ್ಕ ತಿಳಿದು ಬಿಟ್ಟುಕೊಡುವುದು ಬೇರೆ, ಲೆಕ್ಕ ತಿಳಿಯದೆ ಕಳೆದುಕೊಳ್ಳುವುದು ಬೇರೆ. ಮೊದಲನೆಯದು ದಾನ. ಎರಡನೆಯದಕ್ಕೆ ಏನು ಹೆಸರಿಡಬೇಕೆಂಬುದು ನಿಮಗೇ ತಿಳಿದಿದೆ. ನಮ್ಮ ತಾಯಂದಿರ ತಲೆಮಾರಿನವರು ಹಕ್ಕು ಖುಲಾಸೆ ಪತ್ರಗಳಿಗೆ ಹೆಬ್ಬೆಟ್ಟು ಒತ್ತುವಾಗ, ಬಿಟ್ಟುಕೊಡುತ್ತಿರುವುದು ವೀಸವೋ, ಕಾಲೋ, ಅರೆಯೋ ಎಂದು ಯಾರೂ ಅವರಿಗೆ ಓದಿ ಹೇಳಲಿಲ್ಲ.

ನಮ್ಮ ಬಂಧುಗಳಲ್ಲಿ ಕೆಲವರು ಇದನ್ನು ಓದಿ, "ಮನೆಯ ಮಾತನ್ನು ಬೀದಿಗೆ ಏಕೆ ತಂದೆ?" ಎಂದು ಆಕ್ಷೇಪಿಸಬಹುದು. ಇದು ಯಾರದೋ ಒಂದು ಮನೆಯ ಮಾತಲ್ಲ. ಸುಗ್ಗಿಯಲ್ಲಿ ಕಣದ ರಾಶಿಯನ್ನು ಅಳೆಯುವಾಗ ನಮ್ಮ ಹಿರಿಯರು ಮೊದಲ ಕೊಳಗಕ್ಕೆ 'ಒಂದು' ಎನ್ನುತ್ತಿರಲಿಲ್ಲ, 'ಲಾಭ' ಎನ್ನುತ್ತಿದ್ದರು. ಎಲ್ಲರಿಗೂ ಲಾಭವಾಗಲಿ ಎಂಬ ಹಾರೈಕೆಯಿಂದಲೇ ಎಣಿಕೆ ಆರಂಭವಾಗುತ್ತಿತ್ತು. ಆ 'ಎಲ್ಲರೂ' ಎಂಬುದರಲ್ಲಿ ರಾಶಿ ಕೇರಿದ, ಮೊರ ಹಿಡಿದ ಹೆಣ್ಣುಮಕ್ಕಳೂ ಸೇರಬೇಕೆಂದು ಕೇಳುವುದು ಜಗಳವಲ್ಲ, ಸವರ್ಣ ಮಾಡುವುದು.

ಕೊನೆಯದಾಗಿ, ಮೇಷ್ಟರ ಚಾಳಿ ಎಲ್ಲಿ ಬಿಟ್ಟೀತು! ನನ್ನ ಹಳೆಯ ವಿದ್ಯಾರ್ಥಿಗಳಿಗೆ ಒಂದು ಮನೆಗೆಲಸ. ಹತ್ತು ಎಕರೆ ಜಮೀನು, ನಾಲ್ವರು ಅಣ್ಣತಮ್ಮಂದಿರು, ಒಬ್ಬಳು ತಂಗಿ. ಮಿತಾಕ್ಷರೆಯ 1/20ಕ್ಕೂ 1956ರ 1/25ಕ್ಕೂ ಅಂತರವೆಷ್ಟು ಗುಂಟೆ? ಇಂದಿನ 1/5ಕ್ಕೆ ಎಷ್ಟು ಗುಂಟೆ? ನಿರುದ್ಧವನ್ನು ನೀವೇ ಕಂಡುಹಿಡಿಯಿರಿ, ಕ್ಯಾಲ್ಕುಲೇಟರ್ ಮುಟ್ಟಬೇಡಿ. ಉತ್ತರ ಬಂದ ಮೇಲೆ ನಿಮ್ಮ ಮನೆಯ ಹೆಣ್ಣುಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಅದೇ ಲೆಕ್ಕವನ್ನು ಇನ್ನೊಮ್ಮೆ ಮಾಡಿಸಿ.